ತಂಬೂರಿ ಹಾಕಿದ ಪರೀಕ್ಷೆ: ಸೂಟ್‌ಕೇಸ್ ಪ್ಲೇಯರ್ ಮತ್ತು ಬೆಲ್ಟ್ ಡ್ರೈವ್, ಬಹುದಿನದ ಬಳಕೆಯ ನಂತರ

ಮನೆಯಲ್ಲಿ ಹಳೇ ಎಲ್‌ಪಿಗಳಿದ್ದವರು ಮೊದಲು ಕೊಳ್ಳುವುದು ಸಾಮಾನ್ಯವಾಗಿ ಸೂಟ್‌ಕೇಸ್ ಆಕಾರದ ರೆಕಾರ್ಡ್ ಪ್ಲೇಯರನ್ನೇ. ಏಳೆಂಟು ಸಾವಿರ ರೂಪಾಯಿ, ಸ್ಪೀಕರ್ ಒಳಗೇ ಇರುತ್ತದೆ, ನೋಡೋಕೂ ಚೆಂದ. ಸಿನಿಮಾ ಹಾಡಿನ ಇಪಿ (ಚಿಕ್ಕ ರೆಕಾರ್ಡ್) ಹಾಕಿದರೆ ದೂರುವಂಥದ್ದೇನೂ ಕಿವಿಗೆ ಬೀಳುವುದಿಲ್ಲ. ಒಂದು ಹಿಂದೂಸ್ತಾನಿ ಎಲ್‌ಪಿ ಹಾಕಿ, ಬಂಡವಾಳ ಬಯಲಾಗುತ್ತದೆ. ಮಲ್ಲಿಕಾರ್ಜುನ ಮನ್ಸೂರರೋ ಗಂಗೂಬಾಯಿ ಹಾನಗಲ್ಲರೋ ಷಡ್ಜ ಹಿಡಿದು ನಿಂತಾಗ ಹಿಂದಿನ ತಂಬೂರಿಯ ನಾದ ಅಲುಗಾಡುತ್ತದೆ. ತಬಲಾದಲ್ಲಿ, ವಾದ್ಯಗೋಷ್ಠಿಯಲ್ಲಿ ಅಡಗಿಹೋಗುವ ವೇಗದ ಏರಿಳಿತ ತಂಬೂರಿಯಲ್ಲಿ ಅಡಗುವುದಿಲ್ಲ. ಈ ಒಂದು ದೋಷಕ್ಕೇ ನಾನು ಈ ಮಾದರಿಯನ್ನು ಶಾಸ್ತ್ರೀಯ ಸಂಗೀತ ಕೇಳುವವರಿಗೆ ಬೇಡವೆನ್ನುತ್ತೇನೆ.

ಕಾರಣ ಸರಳ. ರೆಕಾರ್ಡ್ ಹೊತ್ತು ತಿರುಗುವ ತಟ್ಟೆ, ಅಂದರೆ ಪ್ಲ್ಯಾಟರ್, ಪ್ಲಾಸ್ಟಿಕ್ಕಿನದು, ಎಲ್‌ಪಿಗಿಂತ ಚಿಕ್ಕದು, ಹಗುರ. ಮೋಟಾರ್ ಸ್ವಲ್ಪ ತಡವರಿಸಿದರೂ ಅದನ್ನು ಸರಿದೂಗಿಸುವ ತೂಕ ಅದಕ್ಕಿಲ್ಲ. ಸ್ಪೀಕರ್ ಅದೇ ಪೆಟ್ಟಿಗೆಯಲ್ಲಿರುವುದರಿಂದ ಅದರ ಕಂಪನ ಮುಳ್ಳಿಗೆ ವಾಪಸು ಬರುತ್ತದೆ. ಕೂಗು ಏಳಬಾರದೆಂದು ಬೇಸನ್ನೇ ಕತ್ತರಿಸಿರುತ್ತಾರೆ. ಮುಳ್ಳನ್ನು ಹಿಡಿದಿರುವ ಸೆರಾಮಿಕ್ ಕಾರ್ಟ್ರಿಜ್ ರೆಕಾರ್ಡಿನ ಮೇಲೆ 5–6 ಗ್ರಾಂ ಭಾರ ಹೇರುತ್ತದೆ, ಅದನ್ನು ಇಳಿಸುವ ಸೌಲಭ್ಯ ಇರುವುದಿಲ್ಲ. ಜೊತೆಗೆ ಒಂದು ಸೂಕ್ಷ್ಮವಿದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಎಲ್‌ಪಿಯ ಹೊರಅಂಚಿನ ಗೆರೆ ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡಿದರೆ, ಲೇಬಲ್ ಹತ್ತಿರ ಸುಮಾರು 21 ಮಾತ್ರ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುಂಬಿರುತ್ತದೆ. ಖಯಾಲಿನ ಎಲ್‌ಪಿಯಲ್ಲಿ ನಿಧಾನದ ವಿಲಂಬಿತ್ ಹೊರಗೆ, ವೇಗದ ದ್ರುತ್ ಒಳಗೆ. ಅಂದರೆ ತಾನುಗಳ ಸುರಿಮಳೆ ಬರುವುದೇ ಮುಳ್ಳಿಗೆ ಅತಿ ಕಷ್ಟವಾದ ಜಾಗದಲ್ಲಿ. ದಪ್ಪ ಮುಳ್ಳು ಅಲ್ಲಿ ಕರ್ಕಶವಾಗಿ ಒರಲುತ್ತದೆ.

ಅದರ ಬದಲಿಗೆ ಬಂದದ್ದು ಇಪ್ಪತ್ತೈದು ಸಾವಿರದ ಆಸುಪಾಸಿನ, ಅಲ್ಯೂಮಿನಿಯಂ ಪ್ಲ್ಯಾಟರಿನ ಬೆಲ್ಟ್ ಡ್ರೈವ್, ಅಂದರೆ ಮೋಟಾರ್ ರಬ್ಬರ್ ಬೆಲ್ಟಿನಿಂದ ಪ್ಲ್ಯಾಟರನ್ನು ತಿರುಗಿಸುವ ಪ್ಲೇಯರ್. ಮುಳ್ಳನ್ನು ಹೊತ್ತ ಟೋನ್ ಆರ್ಮ್ ಎಂಬ ತೋಳಿನ ಹಿಂದೆ ತಿರುಗಿಸುವ ತೂಕದ ಗುಂಡು, ಮುಂದೆ ಆಡಿಯೋ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್. ಇದಕ್ಕೆ 2.0 ಗ್ರಾಂ ಭಾರ ಸರಿ; 1.8ರಿಂದ 2.2ರೊಳಗೆ ಇರಬೇಕು. ತೋಳು ಒಳಕ್ಕೆ ಸೆಳೆಯದಂತೆ ತಡೆಯುವ ಆ್ಯಂಟಿಸ್ಕೇಟ್ ಸೊನ್ನೆಗಿಟ್ಟು, ಗುಂಡನ್ನು ತಿರುಗಿಸಿ ಟೋನ್ ಆರ್ಮ್ ನೆಲಕ್ಕೆ ಸಮಾಂತರವಾಗಿ ತೇಲುವಂತೆ ಮಾಡಿ. ಗುಂಡು ಅಲುಗದಂತೆ ಹಿಡಿದು ಅಂಕಿಯ ಬಳೆಯನ್ನು ಮಾತ್ರ ಸೊನ್ನೆಗೆ ತಂದು, ಆಮೇಲೆ ಎರಡನ್ನೂ ಒಟ್ಟಿಗೆ 2ಕ್ಕೆ ತಿರುಗಿಸಿ. ಆ್ಯಂಟಿಸ್ಕೇಟನ್ನೂ 2ಕ್ಕೆ ತನ್ನಿ. ಬಳೆಯ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಭಾರ ಕಡಿಮೆಯಾದರೆ ರೆಕಾರ್ಡ್ ಉಳಿಯುತ್ತದೆ ಅನ್ನುವುದು ತಪ್ಪು ಲೆಕ್ಕ. ಹಗುರಾದ ಮುಳ್ಳು ಗೆರೆಯಲ್ಲಿ ಕುಪ್ಪಳಿಸಿ ಗೋಡೆಯನ್ನೇ ಕೆರೆಯುತ್ತದೆ.

ಇದೂ ಪೆಟ್ಟಿಗೆಯಿಂದ ತೆಗೆದಾಗ ಸರಿಯಾದ ವೇಗದಲ್ಲಿರಲಿಲ್ಲ. ಅಳೆಯುವುದು ಹೀಗೆ: ಪ್ಲ್ಯಾಟರಿನ ಅಂಚಿಗೆ ಚೂರು ಕಾಗದ ಅಂಟಿಸಿ, ಮುಳ್ಳು ರೆಕಾರ್ಡಿನ ಮೇಲೆ ಇರುವಾಗಲೇ ಸುತ್ತು ಎಣಿಸಿ. ಮೂರು ನಿಮಿಷಕ್ಕೆ ಸರಿಯಾಗಿ 100 ಆಗಬೇಕು. 103 ಆದರೆ ಶ್ರುತಿ ಹಾರ್ಮೋನಿಯಂನ ಅರ್ಧ ಮನೆ ಏರಿದೆ, ಗಂಟಲೂ ತೆಳ್ಳಗಾಗಿದೆ ಎಂದರ್ಥ. ತಂಬೂರಿ ಆ್ಯಪ್‌ಗೆ ಹೋಲಿಸಿ ವೇಗ ಹೇಳಲು ಹೋಗಬೇಡಿ. ಗಾಯಕರು ಹಾರ್ಮೋನಿಯಂನ ಕಪ್ಪು ಒಂದನೇ ಮನೆಗೂ ಬಿಳಿ ಎರಡನೇ ಮನೆಗೂ ನಡುವೆ ಎಲ್ಲೋ ಶ್ರುತಿ ಇಟ್ಟುಕೊಂಡಿರಬಹುದು. ಹಲವು ಡಿಸಿ ಮೋಟಾರುಗಳ ಬೆನ್ನಿನಲ್ಲಿ ಸಣ್ಣ ರಂಧ್ರ, ಅದರೊಳಗೊಂದು ತಿರುಪು ಇರುತ್ತದೆ. ವಾಚ್ ರಿಪೇರಿಯ ಸ್ಕ್ರೂಡ್ರೈವರ್‌ನಿಂದ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಎಣಿಸಿ.

ವೇಗ ಸರಿಯಾದ ಮೇಲೂ ಸ್ವರ ತೂಗಿದರೆ ಗಡಿಯಾರ ನೋಡಿ. ಪ್ರತಿ 1.8 ಸೆಕೆಂಡಿಗೊಮ್ಮೆ, ಅಂದರೆ ಸುತ್ತಿಗೊಮ್ಮೆ, ತೂಗುತ್ತಿದ್ದರೆ ತಪ್ಪು ರೆಕಾರ್ಡಿನದೇ ಇರಬಹುದು. ಟೋನ್ ಆರ್ಮ್ ಎಡಕ್ಕೂ ಬಲಕ್ಕೂ ಓಲಾಡಿದರೆ ನಡುವಿನ ತೂತು ಮಧ್ಯದಲ್ಲಿಲ್ಲ; ಮೇಲೆ ಕೆಳಗೆ ಹೋದರೆ ರೆಕಾರ್ಡ್ ಸೊಟ್ಟಗಾಗಿದೆ. ಲೆಕ್ಕವಿಲ್ಲದೆ ತಡವರಿಸಿದರೆ ಬೆಲ್ಟ್ ನೋಡಿ. ಹೊಳಪು ಬಂದ, ಸಡಿಲಾದ ಬೆಲ್ಟ್ ಜಾರುತ್ತದೆ. ತಿಂಗಳುಗಟ್ಟಲೆ ಊರಿಗೆ ಹೋಗುವಾಗ ಬೆಲ್ಟನ್ನು ಮೋಟಾರಿನಿಂದ ಬಿಡಿಸಿಟ್ಟರೆ ಒಂದೇ ಕಡೆ ಮಡಿಕೆ ಬೀಳುವುದಿಲ್ಲ.

ಮುಳ್ಳಿನ ಸಣ್ಣ ಸಿಗ್ನಲನ್ನು ಹೆಚ್ಚಿಸುವ ಪ್ರೀಆ್ಯಂಪ್ ಬಗ್ಗೆ ಎರಡೇ ಮಾತು. ಪ್ಲೇಯರಿನ ಸ್ವಿಚ್ ಲೈನ್‌ನಲ್ಲಿದ್ದು ಆ್ಯಂಪ್ಲಿಫೈಯರಿನ ಫೋನೋಗೆ ಚುಚ್ಚಿದರೆ ಒಡೆದ ಸದ್ದು, ಎರಡೂ ಕಡೆ ಪ್ರೀಆ್ಯಂಪ್ ಇಲ್ಲದಿದ್ದರೆ ಸೊಳ್ಳೆಯ ಸದ್ದು. ಗುಂಯ್ ಅಂದರೆ ಅರ್ಥಿಂಗ್ ತಂತಿ ಸಿಕ್ಕಿಸಿದ್ದೀರಾ ನೋಡಿ.

ನಾನು ಎಣಿಸದೇ ಇದ್ದ ಸುಖ ಸಿಕ್ಕಿದ್ದು ರೆಕಾರ್ಡ್ ತೊಳೆಯುವುದರಲ್ಲಿ. ಮಲೆನಾಡು, ಕರಾವಳಿಯ ಮನೆಗಳಿಂದ ಬಂದ ಎಲ್‌ಪಿಗಳ ಮೇಲೆ ಮಳೆಗಾಲದ ಬೂಷ್ಟು ಬಿಳಿ ಚುಕ್ಕೆಯಾಗಿ ಕೂತಿರುತ್ತದೆ. ಗೀರು ಎಂದುಕೊಂಡ ಪಟಪಟ ಸದ್ದಿನ ಬಹುಪಾಲು ಅದರದ್ದೇ. 750 ಮಿಲಿ ಡಿಸ್ಟಿಲ್ಡ್ ವಾಟರ್, 250 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ನಲ್ಲಿ ನೀರು ಬೇಡ, ಅದರ ಸುಣ್ಣ ಗೆರೆಯಲ್ಲಿ ಉಳಿಯುತ್ತದೆ. ಲೇಬಲ್ಲಿನ ಅಗಲ 10 ಸೆಂಟಿಮೀಟರ್. ಅಷ್ಟೇ ಅಗಲದ ಡಬ್ಬದ ಮುಚ್ಚಳ ಎರಡೂ ಕಡೆ ಒತ್ತಿ ಹಿಡಿದರೆ ಕಾಗದ ನೆನೆಯುವುದಿಲ್ಲ. ಮೃದುವಾದ ಬ್ರಷ್ಷನ್ನು ಗೆರೆಯ ಜೊತೆಗೇ ಸುತ್ತು ಹಾಕಿಸಿ, ಅಡ್ಡ ಎಳೆಯಬೇಡಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ, ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ. ಒಣಗಿದ ರೆಕಾರ್ಡ್ ಬೆಳಕಿಗೆ ಹಿಡಿದಾಗ ಮಂಕು ಹೋಗಿ ಗೆರೆಗಳು ಬಣ್ಣ ಚೆಲ್ಲುತ್ತವೆ. ಅದನ್ನು ಹಳೇ ಕಾಗದದ ಒಳಚೀಲಕ್ಕೆ ಮತ್ತೆ ಹಾಕಿದರೆ ಬೂಷ್ಟೂ ಮತ್ತೆ ಬರುತ್ತದೆ. ಹೊಸ ಒಳಚೀಲ ಕೊಳ್ಳಿ. ಬ್ಲೂಟೂತ್ ಇರುವ ಪ್ಲೇಯರಿಗೆ ಕೊಡುವ ಹೆಚ್ಚಿನ ದುಡ್ಡು ಇದಕ್ಕೆ ಹೋಗಲಿ.

ಮುಳ್ಳಿನ ತುದಿಯ ಧೂಳಿಗೆ ಮೆಲಮೈನ್ ಸ್ಪಂಜಿನ ಚೂರು ಸಾಕು: ಮುಳ್ಳನ್ನು ನೆಟ್ಟಗೆ ಇಳಿಸಿ, ನೆಟ್ಟಗೆ ಎತ್ತಿ, ಪಕ್ಕಕ್ಕೆ ಉಜ್ಜಬೇಡಿ. ಈ ಮುಳ್ಳಿನ ಆಯುಸ್ಸು ಸುಮಾರು 300 ಗಂಟೆ, ಅಂದರೆ ನಲವತ್ತು ನಿಮಿಷದ ಎಲ್‌ಪಿ ಸುಮಾರು 450 ಸಲ. ಬದಲಿಸಲು ಕಾರ್ಟ್ರಿಜ್ ಬಿಚ್ಚಬೇಕಿಲ್ಲ, ಮುಳ್ಳಿನ ಭಾಗ ಕಳಚಿ ಸಿಕ್ಕಿಸಿದರಾಯಿತು.

ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ 78ರ ತಟ್ಟೆಗಳಿದ್ದವರು ಕೊಳ್ಳುವ ಮೊದಲೇ ಪ್ಲೇಯರಿಗೆ 78ರ ವೇಗ ಇದೆಯೇ ಎಂದು ಕೇಳಿಕೊಳ್ಳಿ. ಅವುಗಳ ಗೆರೆ ಅಗಲ, ಎಲ್‌ಪಿಯ ಮುಳ್ಳು ತಳದಲ್ಲಿ ಬಿದ್ದು ಹೊರಳಾಡುತ್ತದೆ. ಇದೇ ಕಾರ್ಟ್ರಿಜ್ಜಿಗೆ 78ರ 3 ಮಿಲ್ (ಇಂಚಿನ ಸಾವಿರದ ಮೂರು ಭಾಗ) ಮುಳ್ಳು ಬೇರೆಯಾಗಿ ಸಿಗುತ್ತದೆ, ಅದಕ್ಕೆ ಭಾರ ಮತ್ತೆ ಹೊಂದಿಸಬೇಕು. ಮೇಲೆ ಹೇಳಿದ ತೊಳೆಯುವ ನೀರು ಮಾತ್ರ ಅವುಗಳ ಹತ್ತಿರ ಸುಳಿಯಬಾರದು: ಆ ತಟ್ಟೆಗಳು ಅರಗಿನವು, ಆಲ್ಕೋಹಾಲ್ ತಾಗಿದರೆ ಕರಗುತ್ತವೆ.