ಇತಿಹಾಸ ವಿದ್ಯಾರ್ಥಿಗಳಿಗೆ ಅಂತರ್ಜಾಲದ ಆಕರಗಳು: ಬಾಗಲಕೋಟೆಯ ಅಧ್ಯಾಪಕನೊಬ್ಬನ ವಿಮರ್ಶೆ

ಬಾಗಲಕೋಟೆಯ ಪದವಿ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ನಾನು ಪ್ರತಿ ವರ್ಷವೂ ಅಂತಿಮ ವರ್ಷದ ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನು ತಿದ್ದುತ್ತೇನೆ. ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಐಹೊಳೆ ಶಾಸನದ ಮೇಲೆ ಬರೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ಮೊಬೈಲಿನಲ್ಲಿ ಎರಡು ಜಾಲತಾಣಗಳನ್ನು ತೆರೆದು ತೋರಿಸಿದಳು. ಒಂದರಲ್ಲಿ ಶಾಸನದ ಕಾಲ ಕ್ರಿ.ಶ. 634 ಎಂದಿತ್ತು, ಇನ್ನೊಂದರಲ್ಲಿ 635 ಎಂದಿತ್ತು. "ಸರ್, ಇದರಾಗ ಯಾವುದು ಖರೇ ಐತ್ರಿ?" ಎಂದು ಕೇಳಿದಳು. ಎರಡೂ ತಾಣಗಳಲ್ಲಿ ಆ ವರ್ಷ ಎಲ್ಲಿಂದ ಬಂತೆಂಬುದಕ್ಕೆ ಒಂದೇ ಒಂದು ಆಧಾರವೂ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವಿಬ್ಬರೂ ಬಳಸಿ ನೋಡಿದ ತಾಣಗಳ ಗುಣಾವಗುಣಗಳನ್ನೂ, ಆಮೇಲೆ ಬೇರೆ ವಿದ್ಯಾರ್ಥಿಗಳೊಂದಿಗೆ ಬಳಸಿದ ಇನ್ನು ಕೆಲವು ತಾಣಗಳನ್ನೂ ಕುರಿತು ಇಲ್ಲಿ ಬರೆದಿದ್ದೇನೆ. ನನ್ನ ಅಳತೆಗೋಲು ಒಂದೇ. ತಾಣವು ಹೇಳಿದ ಮಾತಿನಿಂದ ಹೊರಟ ವಿದ್ಯಾರ್ಥಿಯು ಅಚ್ಚಾದ ಪುಟದವರೆಗೆ, ಆ ಪುಟದಿಂದ ಮೂಲದ ಕಲ್ಲು, ತಾಮ್ರಪಟ ಅಥವಾ ಕಡತದವರೆಗೆ ತಲುಪಬಲ್ಲನೇ ಎಂಬುದನ್ನು ಮಾತ್ರ ನೋಡುತ್ತೇನೆ.

ಈ ಅಳತೆಯಲ್ಲಿ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಅತಿ ಹೆಚ್ಚು ಉಪಕಾರ ಮಾಡಿರುವುದು ಇಂಟರ್ನೆಟ್ ಆರ್ಕೈವ್. 1996ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಉಚಿತ ಗ್ರಂಥಭಂಡಾರದಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಹಳೆಯ ಪ್ರಕಟಣೆಗಳ ಬಹುಪಾಲು, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಅಸಂಖ್ಯ ಕನ್ನಡ ಪುಸ್ತಕಗಳು ಇವೆ. ನಾವು ಅಲ್ಲಿ ಶಾಸನಗಳ ಪಾಠವನ್ನು ಅಚ್ಚು ಮಾಡಿದ ಎಪಿಗ್ರಾಫಿಯಾ ಇಂಡಿಕಾ ಮಾಲೆಯ ಆರನೆಯ ಸಂಪುಟವನ್ನು ತೆರೆದೆವು. ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಸಂಪಾದಿಸಿದ ಐಹೊಳೆ ಶಾಸನವು ಆ ಸಂಪುಟದ ಮೊದಲ ಲೇಖನವೇ ಆಗಿದೆ. ಮೂವತ್ಮೂರನೆಯ ಶ್ಲೋಕದಲ್ಲಿ ಶಾಸನವನ್ನು ರಚಿಸಿದ ಕವಿ ರವಿಕೀರ್ತಿಯು ಮಹಾಭಾರತ ಯುದ್ಧದಿಂದ ಕಳೆದ ವರ್ಷಗಳನ್ನು ಮೂವತ್ತು, ಮೂರು ಸಾವಿರ, ಏಳು ನೂರು ಮತ್ತು ಐದು ಎಂದು ಬಿಡಿಬಿಡಿಯಾಗಿ ಹೇಳುತ್ತಾನೆ. ಕೂಡಿಸಿದರೆ 3735 ಆಗುತ್ತದೆ. ಮುಂದಿನ ಶ್ಲೋಕದಲ್ಲಿ ಶಕ ದೊರೆಗಳ ಕಾಲದ ಐವತ್ತು, ಆರು ಮತ್ತು ಐದು ನೂರು ವರ್ಷಗಳು, ಅಂದರೆ 556 ವರ್ಷಗಳು "ಕಳೆದ ಮೇಲೆ" ಎಂದಿದೆ. ಆ ವಿದ್ಯಾರ್ಥಿನಿ ನೋಟ್‌ಬುಕ್ಕಿನ ಅಂಚಿನಲ್ಲಿ ಶಕ ವರ್ಷವನ್ನು ಕ್ರಿ.ಶ.ಕ್ಕೆ ತರಲು 556ಕ್ಕೆ 78 ಕೂಡಿಸಿ 634 ಎಂದು ಬರೆದಳು. ಶಕ ವರ್ಷವು ಚೈತ್ರದಿಂದ ಆರಂಭವಾಗಿ ಮುಂದಿನ ಇಂಗ್ಲಿಷ್ ವರ್ಷದ ವಸಂತದವರೆಗೆ ಹಬ್ಬುವುದರಿಂದ ಅದು 634ಕ್ಕೂ 635ಕ್ಕೂ ಸೇರುತ್ತದೆ ಎಂಬುದು ಆಗ ಅವಳಿಗೆ ತಾನಾಗಿಯೇ ಹೊಳೆಯಿತು. ಹಾಗಾಗಿ ಎರಡು ತಾಣಗಳಲ್ಲಿ ಯಾವುದೂ ತಪ್ಪು ಹೇಳಿರಲಿಲ್ಲ. ಆದರೆ ಲೆಕ್ಕದ ದಾರಿಯನ್ನು ಎರಡೂ ಮುಚ್ಚಿಟ್ಟಿದ್ದವು. ವಿದ್ಯಾರ್ಥಿಯ ಪಾಲಿಗೆ ಅದು ಸಣ್ಣ ದೋಷವಲ್ಲ ಎಂದೇ ನಾನು ಭಾವಿಸುತ್ತೇನೆ.

ಇಂಟರ್ನೆಟ್ ಆರ್ಕೈವನ್ನು ಬಳಸುವವರು ಅದರ ಮಿತಿಗಳನ್ನೂ ತಿಳಿದಿರಬೇಕು. ಪುಸ್ತಕದೊಳಗೆ ಪದ ಹುಡುಕುವ ಸೌಲಭ್ಯವು ಇಂಗ್ಲಿಷ್ ಅಚ್ಚಿಗೆ ಚೆನ್ನಾಗಿ ಒದಗುತ್ತದೆ, ಹಳೆಯ ಕನ್ನಡ ಅಚ್ಚಿಗೆ ಒದಗುವುದಿಲ್ಲ. ಯಂತ್ರವು ಒತ್ತಕ್ಷರಗಳನ್ನು ತಪ್ಪಾಗಿ ಓದುವುದರಿಂದ, ಪುಟದಲ್ಲಿ ಕಣ್ಣಿಗೆ ಕಾಣುವ ಊರ ಹೆಸರು ಹುಡುಕಾಟದಲ್ಲಿ ಸಿಗದೆ ಹೋಗಬಹುದು. "ಹುಡುಕಿದೆ, ಇಲ್ಲ" ಎಂದು ವಿದ್ಯಾರ್ಥಿ ಹೇಳಿದರೆ ಅನುಕ್ರಮಣಿಕೆಯ ಪುಟವನ್ನು ಕಣ್ಣಿನಿಂದ ಓದಿದೆಯಾ ಎಂದು ನಾನು ಮರಳಿ ಕೇಳುತ್ತೇನೆ. ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾನಾ ಬಗೆಯಾಗಿ ಬರೆದು ಸೇರಿಸಿರುವುದರಿಂದ ಒಂದೇ ಗ್ರಂಥವನ್ನು ನಾಲ್ಕಾರು ಕಾಗುಣಿತಗಳಲ್ಲಿ ಹುಡುಕಬೇಕಾಗುತ್ತದೆ. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಿಂದ ಈ ತಾಣವು ಕೆಲವು ದಿನ ಸ್ಥಗಿತಗೊಂಡಿದ್ದನ್ನೂ ಮರೆಯುವಂತಿಲ್ಲ. ಬೇಕಾದ ಪುಸ್ತಕದ ಪಿಡಿಎಫ್ ಇಳಿಸಿಕೊಳ್ಳಲು ಅನುಮತಿ ಇದ್ದರೆ ಆ ದಿನವೇ ಇಳಿಸಿಕೊಂಡು ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಿತಿ ಇದಕ್ಕಿಂತ ಆಳವಾದುದು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳೇ ಹೆಚ್ಚಾಗಿ ಮುಕ್ತವಾಗಿ ಸಿಗುವುದರಿಂದ, ಅಂತರ್ಜಾಲದಲ್ಲಿ ಮಾತ್ರ ಓದುವ ವಿದ್ಯಾರ್ಥಿಯು ತಿಳಿಯದೆಯೇ ನೂರು ವರ್ಷ ಹಿಂದಿನ ಇತಿಹಾಸವನ್ನು ಬರೆಯುತ್ತಾನೆ. ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದ ಯುದ್ಧವನ್ನೇ ತೆಗೆದುಕೊಳ್ಳಿ. ಹಳೆಯ ಗ್ರಂಥಗಳಲ್ಲಿ ಅದರ ಕಾಲವನ್ನು ಕುರಿತು ಬೇರೆ ಬೇರೆ ಅಭಿಪ್ರಾಯಗಳಿವೆ. ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ವಿದ್ವಾಂಸರು ಕೆಲವು ವರ್ಷಗಳ ಹಿಂದೆ ಓದಿ ಪ್ರಕಟಿಸಿದ, ಕ್ರಿ.ಶ. 619ರ ಏಪ್ರಿಲ್ ತಿಂಗಳಿಗೆ ಸೇರುವ ಪುಲಕೇಶಿಯ ತಾಮ್ರಪಟದಲ್ಲಿ ಹರ್ಷನ ಮೇಲಿನ ಗೆಲುವಿನ ಪ್ರಸ್ತಾಪ ಬಂದಿರುವುದರಿಂದ ಯುದ್ಧವು ಅದಕ್ಕೂ ಮೊದಲೇ ನಡೆದಿರಬೇಕು. 1900ರ ಸುಮಾರಿನ ಸಂಪುಟದಲ್ಲಿ ಈ ವಿಷಯ ಇರಲು ಸಾಧ್ಯವೇ ಇಲ್ಲ. ಆದ್ದರಿಂದ ಮೂಲಪಾಠಕ್ಕೆ ಹಳೆಯ ಸಂಪುಟವನ್ನೂ ವ್ಯಾಖ್ಯಾನಕ್ಕೆ ಹೊಸ ಲೇಖನವನ್ನೂ ಜೊತೆಯಾಗಿಟ್ಟು ಓದಬೇಕೆಂದು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ.

ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಮಕ್ಕಳು ಪದೇ ಪದೇ ಎಡವುವ ಜಾಗವೊಂದಿದೆ. ಕರ್ನಾಟಕದ ಶಾಸನಗಳೆಂದ ಕೂಡಲೇ ಗೂಗಲ್ ಅವರನ್ನು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಕಡೆಗೆ ಕಳಿಸುತ್ತದೆ. ಅದು ಮಹತ್ವದ ಸಂಪುಟಮಾಲೆ ನಿಜ. ಆದರೆ ರೈಸ್ ಅವರ ಸಂಪುಟಗಳು ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳಿಗೆ ಸೇರಿದವು. ಆಗ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಊರುಗಳು ಅವುಗಳಲ್ಲಿ ಇಲ್ಲ. ನಮ್ಮವು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿ, ಬಾಂಬೆ ಕರ್ನಾಟಕದ ಶಾಸನಗಳು ಎಂಬ ಉಪಶೀರ್ಷಿಕೆಯ ಕೆಳಗೆ ಸಿಗುತ್ತವೆ. ಈ ಒಂದು ಮಾತು ಗೊತ್ತಿಲ್ಲದೆ ತನ್ನ ಊರಿನ ಹೆಸರನ್ನು ರೈಸ್ ಅವರ ಹನ್ನೆರಡು ಸಂಪುಟಗಳಲ್ಲಿ ಎರಡು ವಾರ ಹುಡುಕಿ, "ನಮ್ಮೂರಾಗ ಶಾಸನಾನ ಇಲ್ರೀ ಸರ್" ಎಂದು ಬೇಸರದಿಂದ ಬಂದಿದ್ದ ಹುಡುಗನ ಮುಖ ನನಗೆ ಇನ್ನೂ ನೆನಪಿದೆ. ಸೌತ್ ಇಂಡಿಯನ್ ಮಾಲೆಯ ಹನ್ನೊಂದನೆಯ ಸಂಪುಟದಲ್ಲಿ ಆ ಊರಿನ ಹೆಸರು ಕಂಡಾಗ ಅವನಿಗಾದ ಸಂತೋಷವನ್ನು ನಾನು ಹೇಳಿ ತೀರಿಸಲಾರೆ.

ವಿಜಯಪುರದ ಆದಿಲಶಾಹಿ ಕಾಲದ ಮೇಲೆ ಕೆಲಸ ಮಾಡುವವರ ಸ್ಥಿತಿ ಸ್ವಲ್ಪ ಬೇರೆ. ಹೆನ್ರಿ ಕೌಸೆನ್ಸ್ 1916ರಲ್ಲಿ ಪ್ರಕಟಿಸಿದ ವಿಜಾಪುರದ ಕಟ್ಟಡಗಳ ಸಮೀಕ್ಷಾ ಗ್ರಂಥವೂ, ಎಂ. ನಾಜಿಮ್ 1936ರಲ್ಲಿ ಸಂಪಾದಿಸಿದ ವಿಜಾಪುರದ ಅರಬ್ಬಿ ಮತ್ತು ಪಾರಸಿ ಶಾಸನಗಳ ಸಂಪುಟವೂ ಡಿಜಿಟಲ್ ರೂಪದಲ್ಲಿ ಲಭ್ಯ ಇವೆ. ಮಲಿಕ್-ಎ-ಮೈದಾನ್ ತೋಪನ್ನು ಯಾರು ಯಾವಾಗ ಎರಕ ಹೊಯ್ದರು ಎಂಬುದಕ್ಕೆ ಪ್ರವಾಸಿ ತಾಣಗಳನ್ನು ನಂಬಬೇಕಾಗಿಲ್ಲ, ತೋಪಿನ ಮೈಮೇಲಿನ ಬರಹವೇ ಹಿಜರಿ 956 ಎನ್ನುತ್ತದೆ, ಅದು ಕ್ರಿ.ಶ. 1549. ತೋಪು ಅಹ್ಮದನಗರದಲ್ಲಿ ತಯಾರಾದುದು. 1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದ ಮೇಲೆ ಕೆತ್ತಿಸಿದ ಇನ್ನೊಂದು ಬರಹವೂ ಅದೇ ತೋಪಿನ ಮೇಲಿದೆ. ಎರಡನ್ನೂ ಬೆರೆಸಿ ಒಂದೇ ಕಾಲವೆಂದು ಬರೆದ ಪುಟಗಳು ನನ್ನ ಕೈಗೆ ಬಂದಿವೆ. ಇಲ್ಲಿನ ನಿಜವಾದ ಕೊರತೆ ಭಾಷೆಯದು. ವಿಜಯಪುರದಲ್ಲಿಯೇ ಕುಳಿತು ಫರಿಶ್ತಾ ಬರೆದ ಪಾರಸಿ ಚರಿತ್ರೆಯನ್ನು ನಮ್ಮ ಮಕ್ಕಳು 1829ರ ಬ್ರಿಗ್ಸ್ ಅವರ ಇಂಗ್ಲಿಷ್ ಅನುವಾದದ ಮೂಲಕವೇ ಓದಬೇಕಾಗಿದೆ. ಆದ್ದರಿಂದ ಅಡಿಟಿಪ್ಪಣಿಯಲ್ಲಿ ಫರಿಶ್ತಾ ಎಂದಷ್ಟೇ ಬರೆಯಬಾರದು. ಬ್ರಿಗ್ಸ್ ಅನುವಾದ ಎಂದೂ, ಸಂಪುಟ ಮತ್ತು ಪುಟವನ್ನೂ ಬರೆಯಬೇಕು.

ಬ್ರಿಟಿಷರ ಕಾಲದ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ 'ಅಭಿಲೇಖ ಪಟಲ' ಒಳ್ಳೆಯ ಸೇವೆ. ಇ-ಮೇಲ್ ಕೊಟ್ಟು ನೋಂದಾಯಿಸಿಕೊಂಡರೆ ಡಿಜಿಟಲ್ ಆಗಿರುವ ಕಡತವನ್ನು ಕೋಣೆಯಲ್ಲಿ ಕುಳಿತೇ ಓದಬಹುದು. ಪ್ರತಿ ಕಡತಕ್ಕೂ ಇಲಾಖೆ, ವರ್ಷ ಮತ್ತು ಸಂಖ್ಯೆ ಇರುವುದು ಇದರ ದೊಡ್ಡ ಬಲ, ಅಡಿಟಿಪ್ಪಣಿಗೆ ಬೇಕಾದುದೆಲ್ಲ ಅಲ್ಲಿಯೇ ಸಿಗುತ್ತದೆ. ಆದರೆ ಹುಡುಕುವ ಪದದಲ್ಲಿಯೇ ಅರ್ಧ ಕೆಲಸ ಅಡಗಿದೆ. ವಿಜಯಪುರ ಎಂಬ ಅಧಿಕೃತ ಹೆಸರು ಬಂದದ್ದು 2014ರಲ್ಲಿ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲಾ ಕೇಂದ್ರವು 1885ರಲ್ಲಿ ವಿಜಾಪುರಕ್ಕೆ ಹೋಗುವ ಮೊದಲು ಕಲಾದಗಿಯಲ್ಲಿತ್ತು. ಜಿಲ್ಲೆಗೂ ಅದೇ ಹೆಸರಿತ್ತು. ಇಂದು ಬಾಗಲಕೋಟೆ ತಾಲೂಕಿನ ಊರಾಗಿರುವ ಕಲಾದಗಿಯ ಹೆಸರಿನಲ್ಲಿ ಹುಡುಕದಿದ್ದರೆ ಆ ಕಾಲದ ಜಿಲ್ಲೆಯ ಕಾಗದಪತ್ರಗಳು ಕಣ್ಣಿಗೇ ಬೀಳುವುದಿಲ್ಲ. ಕಂಪನಿ ಸರ್ಕಾರದ ಗುಮಾಸ್ತರು ವಿಜಾಪುರವನ್ನು ಇಂಗ್ಲಿಷಿನಲ್ಲಿ ಎರಡು ಇ, ಎರಡು ಓ ಹಾಕಿ ಬರೆಯುತ್ತಿದ್ದರು, ಕಿತ್ತೂರಿಗೂ ಎರಡು ಓ ಬಳಸುತ್ತಿದ್ದರು. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿಕೊಳ್ಳಲು ಹೇಳಿದ್ದೇನೆ. ಇನ್ನೊಂದು ಮುಖ್ಯ ವಿಷಯವಿದೆ. 1824ರ ಕಿತ್ತೂರಿನ ಬಂಡಾಯದಂಥ ಘಟನೆಗಳ ಸ್ಥಳೀಯ ಕಡತಗಳು ಬಹಳಷ್ಟು ಮುಂಬಯಿಯ ಮಹಾರಾಷ್ಟ್ರ ರಾಜ್ಯ ಅಭಿಲೇಖಾಲಯದ ಪಾಲಾಗಿವೆ. ದೆಹಲಿಯ ತಾಣದಲ್ಲಿ ಸಿಗಲಿಲ್ಲವೆಂದು ಕಡತವೇ ಇಲ್ಲವೆಂದು ಬರೆಯುವುದು ತಪ್ಪಾಗುತ್ತದೆ.

1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವಾದ ಬೆಳಗಾವಿ ಅಧಿವೇಶನದ ಮೇಲೆ ಬರೆಯುವವರಿಗೆ ಸಾಬರಮತಿ ಆಶ್ರಮದ ಗಾಂಧಿ ಹೆರಿಟೇಜ್ ಪೋರ್ಟಲ್ ಸಾಕಷ್ಟಾಯಿತು. ಅವರ ಸಮಗ್ರ ಬರಹಗಳ 100 ಸಂಪುಟಗಳು ಅಲ್ಲಿವೆ. ಗಾಂಧೀಜಿಯ ಹೆಸರಿನಲ್ಲಿ ವಾಟ್ಸಪ್ಪಿನಲ್ಲಿ ತಿರುಗುವ ಮಾತುಗಳನ್ನು ಪರೀಕ್ಷಿಸಲು ಇದಕ್ಕಿಂತ ಮೇಲಾದ ಸ್ಥಳ ನಾನು ಕಂಡಿಲ್ಲ.

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲ ಕೇಂದ್ರವು ನಡೆಸುವ 'ಶೋಧಗಂಗಾ'ದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳಿವೆ, ಕನ್ನಡದಲ್ಲಿ ಬರೆದವುಗಳೂ ಸಾಕಷ್ಟಿವೆ. ಗುಣಮಟ್ಟ ಏರುಪೇರು. ನಾನು ವಿದ್ಯಾರ್ಥಿಗಳಿಗೆ ಪ್ರಬಂಧದ ಕೊನೆಯ ಆಕರಗಳ ಪಟ್ಟಿಯನ್ನು ಮೊದಲು ಓದಿಸುತ್ತೇನೆ. ಪಟ್ಟಿಯಲ್ಲಿ ಶಾಸನ ಸಂಪುಟ, ಕಡತ, ಕ್ಷೇತ್ರಕಾರ್ಯದ ವಿವರ ಇದ್ದರೆ ಒಳಗಿನ ಅಧ್ಯಾಯಗಳನ್ನು ಓದುವ ಶ್ರಮ ಸಾರ್ಥಕವಾಗುತ್ತದೆ. ಸಂಸ್ಕೃತಿ ಸಚಿವಾಲಯದ ಇಂಡಿಯನ್ ಕಲ್ಚರ್ ಪೋರ್ಟಲ್ ಚಿತ್ರಗಳಿಗೂ ಅಪರೂಪದ ಪುಸ್ತಕಗಳಿಗೂ ಚೆನ್ನ. ಕರ್ನಾಟಕ ಸರ್ಕಾರದ 'ಕಣಜ' ಕನ್ನಡದಲ್ಲಿ ವಿಷಯ ಪರಿಚಯ ಮಾಡಿಕೊಳ್ಳಲು ತಕ್ಕುದು. ವಿಕಿಪೀಡಿಯವನ್ನು ಬೈಯುವ ಅಧ್ಯಾಪಕರ ಸಾಲಿಗೆ ನಾನು ಸೇರಿದವನಲ್ಲ. ಲೇಖನವನ್ನು ಬಿಟ್ಟು ಅದರ ಅಡಿಟಿಪ್ಪಣಿಗಳನ್ನು ಹಿಡಿದು ಹೊರಡಿ ಎನ್ನುತ್ತೇನೆ.

ಎಐ ಚಾಟ್ ಸಾಧನಗಳ ವಿಷಯದಲ್ಲಿ ಮಾತ್ರ ನಾನು ಕಟುವಾಗಿದ್ದೇನೆ. ಈ ವರ್ಷ ಒಬ್ಬ ವಿದ್ಯಾರ್ಥಿಯ ಪ್ರಬಂಧದಲ್ಲಿ ಪಟ್ಟದಕಲ್ಲಿನ ಒಂದು ದಾನಶಾಸನಕ್ಕೆ ಸಂಪುಟ, ವರ್ಷ, ಪುಟಸಂಖ್ಯೆ ಎಲ್ಲವೂ ಅಚ್ಚುಕಟ್ಟಾಗಿ ಇದ್ದವು. ಆ ಸಂಪುಟವನ್ನು ತೆರೆದು ನೋಡಿದರೆ ಆ ಪುಟದಲ್ಲಿ ಬೇರೆಯೇ ಪ್ರದೇಶದ ಬೇರೆಯೇ ಶಾಸನವಿತ್ತು. ಹುಡುಗ ಸುಳ್ಳು ಹೇಳಿರಲಿಲ್ಲ, ಸಾಧನವು ಕೊಟ್ಟದ್ದನ್ನು ನಂಬಿ ಇಳಿಸಿಕೊಂಡಿದ್ದ. ಆಕರವಿಲ್ಲದ ಬರಹಕ್ಕಿಂತ ಹುಸಿ ಆಕರವಿರುವ ಬರಹ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಓದುವವರ ಅನುಮಾನವನ್ನೇ ಮಲಗಿಸಿಬಿಡುತ್ತದೆ. ಹಾಗಾಗಿ ನಮ್ಮ ವಿಭಾಗದಲ್ಲಿ ಪ್ರತಿ ಅಡಿಟಿಪ್ಪಣಿಯ ಪುಟವನ್ನು ತೆರೆದು, ಅದರ ಚಿತ್ರವನ್ನು ಪ್ರಬಂಧದ ಜೊತೆಗೆ ಒಪ್ಪಿಸಬೇಕೆಂಬ ನಿಯಮ ಮಾಡಿದ್ದೇವೆ. ವಿದ್ಯಾರ್ಥಿಗಳು ಮೊದಲು ಗೊಣಗಿದರು. ಈಗ ಅವರೇ ಒಬ್ಬರ ತಪ್ಪನ್ನು ಒಬ್ಬರು ಹುಡುಕಿ ತೋರಿಸುತ್ತಾರೆ.

ಐಹೊಳೆಯ ಪ್ರಬಂಧ ಬರೆದ ವಿದ್ಯಾರ್ಥಿನಿಯನ್ನೂ ಅವಳ ಸಹಪಾಠಿಗಳನ್ನೂ ಕರೆದುಕೊಂಡು ಒಂದು ಭಾನುವಾರ ಆ ಶಾಸನದ ಕಲ್ಲಿರುವ ಐಹೊಳೆಯ ಮೇಗುತಿ ಬೆಟ್ಟ ಹತ್ತಿದೆವು. ಮೇಲೆ ನೆಟ್‌ವರ್ಕ್ ಸಿಗದಿದ್ದರೆ ತೊಂದರೆಯಾಗಬಾರದೆಂದು ಸಂಪುಟದ ಆ ಪುಟಗಳನ್ನು ಮೊದಲೇ ಮೊಬೈಲಿಗೆ ಇಳಿಸಿಕೊಂಡು, ಒಂದು ಪ್ರತಿ ಝೆರಾಕ್ಸ್ ಕೂಡ ಮಾಡಿಸಿದ್ದೆವು. ಜಿನಾಲಯದ ಗೋಡೆಯ ಕಲ್ಲಿನ ಮೇಲೆ ಹತ್ತೊಂಬತ್ತು ಸಾಲುಗಳಿವೆ, ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಸಾಲುಗಳನ್ನು ಬೆರಳು ತಾಗಿಸದೆ, ಝೆರಾಕ್ಸಿನ ಅಂಚನ್ನು ಹಿಡಿದು ಎಣಿಸುತ್ತ ಹೋದ ಅವಳು ಕಾಲ ಹೇಳುವ ಸಾಲಿನ ಹತ್ತಿರ ನಿಂತು, "ಪಞ್ಚ" ಎಂಬ ಅಕ್ಷರಗಳನ್ನು ತಾನೇ ಗುರುತಿಸಿದಳು. ಕಾಳಿದಾಸ, ಭಾರವಿಯರ ಹೆಸರು ಬರುವ ಕೊನೆಯ ಭಾಗವನ್ನು ಉಳಿದವರು ಹುಡುಕತೊಡಗಿದರು. ಸೋಮವಾರ ಅವಳು ತಿದ್ದಿ ತಂದ ಅಡಿಟಿಪ್ಪಣಿಯಲ್ಲಿ ಜಾಲತಾಣಗಳ ಹೆಸರು ಇರಲಿಲ್ಲ. ಎಪಿಗ್ರಾಫಿಯಾ ಇಂಡಿಕಾ, ಸಂಪುಟ 6, ಕೀಲ್‌ಹಾರ್ನ್, ಶ್ಲೋಕ 33 ಮತ್ತು 34, ಶಕ 556 ಕಳೆದ ವರ್ಷ, ಕ್ರಿ.ಶ. 634-35 ಎಂದಿತ್ತು, ಅದರ ಕೆಳಗೆ, ಮೇಗುತಿಯಲ್ಲಿ ಮೂಲವನ್ನು ನೋಡಿದ ದಿನಾಂಕವನ್ನೂ ಬರೆದಿದ್ದಳು.