ಬೆರಳಚ್ಚು ನೋಡಿ ಮಕ್ಕಳ ಪ್ರತಿಭೆ ಹೇಳುವ ಡಿಎಂಐಟಿ ಟೆಸ್ಟ್: 5ಕ್ಕೆ 1 ಸ್ಟಾರ್

ಮಗಳ ಶಾಲೆಯಲ್ಲಿ ಒಂದು ಕಂಪನಿಯವರು ಸ್ಟಾಲ್ ಹಾಕಿದ್ದರು. ಹೆಸರು ಬೇಡ ಬಿಡಿ, ಇಂಥವರು ಊರಿಗೆ ನಾಲ್ಕು ಜನ ಇದ್ದಾರೆ. ಹತ್ತೂ ಬೆರಳು ಸ್ಕ್ಯಾನ್ ಮಾಡಿ, ಮಗು ಹುಟ್ಟುವಾಗಲೇ ಯಾವ ಪ್ರತಿಭೆ ತಂದಿದೆ ಅಂತ ಹೇಳುತ್ತಾರೆ. ಫೀಸು 5,000 ರೂಪಾಯಿ.

ರಿಪೋರ್ಟ್ ನೋಡೋಕೆ ಚೆನ್ನಾಗಿದೆ. ಸ್ಪೈರಲ್ ಬೈಂಡಿಂಗ್, ಬಣ್ಣಬಣ್ಣದ ಮೆದುಳಿನ ಚಿತ್ರ, ಮಗಳದ್ದು "ನವಿಲು" ಸ್ವಭಾವ ಅಂತ ಒಂದು ಪುಟ. ಸಂಗೀತಕ್ಕೆ ಮಾತ್ರ ಶೇ. 9, ಆ ಕಡೆ ಸುಮ್ನೆ ದುಡ್ಡು ಹಾಕಬೇಡಿ ಅಂತ ಕೌನ್ಸೆಲರ್ ಸಲಹೆ. ಅಲ್ಲ ಸ್ವಾಮಿ, ನಮ್ಮ ಮನೆಯಲ್ಲಿ ಒಂದು ಹಾರ್ಮೋನಿಯಂ ಇಲ್ಲ, ಅವಳನ್ನು ಪಾಠಕ್ಕೂ ಕಳಿಸಿಲ್ಲ. ಅದನ್ನು ಕೇಳುವ ಒಂದು ಕಾಲಂ ಕೂಡ ಅವರ ಫಾರ್ಮಿನಲ್ಲಿಲ್ಲ.

"ಎಲ್ಲಾ ಜೀನ್ಸ್‌ನಲ್ಲೇ ಇರುತ್ತೆ ಸಾರ್" ಅಂದರು ಕೌನ್ಸೆಲರ್. ಜೀನ್ಸ್ ಅಂದರೆ ಅಪ್ಪ ಅಮ್ಮನಿಂದ ಬರುವ ವಂಶವಾಹಿ. ಬೆರಳಿನ ಗೆರೆಯೇ ಬರೀ ಜೀನ್ಸ್‌ನಿಂದ ಬರುವುದಿಲ್ಲ. ಒಂದೇ ಜೀನ್ಸ್ ಇರುವ ತದ್ರೂಪಿ ಅವಳಿಗಳಿಗೂ ಬೆರಳಚ್ಚು ಬೇರೆ ಬೇರೆ, ಅಮ್ಮನ ಹೊಟ್ಟೆಯಲ್ಲಿ ಗೆರೆ ಮೂಡುವಾಗ ಆಗುವ ಸಣ್ಣಪುಟ್ಟ ವ್ಯತ್ಯಾಸಗಳೇ ಅದಕ್ಕೆ ಕಾರಣ. ಈ ಟೆಸ್ಟ್‌ಗೆ ವೈಜ್ಞಾನಿಕ ಆಧಾರ ಇಲ್ಲ ಅಂತ ಭಾರತೀಯ ಮನೋವೈದ್ಯರ ಸಂಘ 2019ರಲ್ಲೇ ಹೇಳಿದೆ.

ಹಾಗಂತ ಜೀನ್ಸ್‌ಗೆ ಬೆಲೆಯೇ ಇಲ್ಲ ಅಂತಲ್ಲ. ಎತ್ತರ ಬಹುಪಾಲು ಅಪ್ಪ ಅಮ್ಮನಿಂದಲೇ ಬರುತ್ತದೆ. ಆದರೂ ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ನೂರು ವರ್ಷದಲ್ಲಿ ಸುಮಾರು 20 ಸೆಂಟಿಮೀಟರ್ ಏರಿತು. ಅಷ್ಟರಲ್ಲಿ ಜೀನ್ಸ್ ಬದಲಾಗಲ್ಲ, ಊಟ ಆರೋಗ್ಯ ಬದಲಾಗುತ್ತೆ.

ನಮ್ಮ ಉತ್ತರ ಕನ್ನಡದ ಸಿದ್ದಿ ಮಕ್ಕಳದ್ದೇ ನೋಡಿ. ಆಫ್ರಿಕಾ ಮೂಲದವರು, ಓಟ ರಕ್ತದಲ್ಲೇ ಇದೆ ಅನ್ನೋ ಲೆಕ್ಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ಅವರನ್ನು ಆರಿಸಿ ಹಾಸ್ಟೆಲ್‌ಗೆ ಹಾಕಿ ತರಬೇತಿ ಕೊಟ್ಟಿತು. ಕೋಚ್ ಸಿಕ್ಕರು, ಟ್ರ್ಯಾಕ್ ಸಿಕ್ಕಿತು, ಹೊಟ್ಟೆ ತುಂಬ ಊಟ ಸಿಕ್ಕಿತು, ಪದಕಗಳೂ ಬಂದವು. 1993ರಲ್ಲಿ ಯೋಜನೆ ನಿಂತಿತು, ಎಷ್ಟೋ ಮಕ್ಕಳು ಓಟ ಬಿಟ್ಟು ಊರಿಗೆ ವಾಪಸ್. ಆ ವರ್ಷ ರಕ್ತ ಏನಾದರೂ ಬದಲಾಯಿತಾ? ಇಲ್ಲ ಅಲ್ವಾ.

ಅದಕ್ಕೇ ನನ್ನ ಸಿಟ್ಟು ಆ ಶೇ. 9ರ ಮೇಲೆ. ಮಗುವಿಗೆ ಅವಕಾಶ ಕೊಡುವ ಮೊದಲೇ ಬಾಗಿಲು ಹಾಕೋಕೆ ಒಂದು ನೆಪ ಕೈಗೆ ಕೊಡುತ್ತಾರೆ, ಅದಕ್ಕೆ ನಾವೇ ದುಡ್ಡು ಕೊಡಬೇಕು. ಇದೇ 5,000ದಲ್ಲಿ ಕೆಲವು ತಿಂಗಳ ಸಂಗೀತದ ಪಾಠ ಆಗುತ್ತಿತ್ತು.

ಒಂದು ಸ್ಟಾರ್ ಕೊಟ್ಟಿದ್ದು ಕೌನ್ಸೆಲರ್ ಮರ್ಯಾದೆಯಿಂದ ಮಾತಾಡಿದರು ಅಂತ. ನಿಮ್ಮ ಶಾಲೆಗೂ ಬಂದರೆ, ಮಕ್ಕಳ ಬೆರಳಚ್ಚನ್ನು ಎಲ್ಲಿ ಇಡುತ್ತೀರಿ, ಯಾವಾಗ ಅಳಿಸುತ್ತೀರಿ ಅಂತ ಮೊದಲು ಕೇಳಿ. ನಾನು ಮೇಲ್ ಮಾಡಿ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.