ಆಗದ್ದನ್ನು ಮೊದಲೇ ಹೇಳುವ ಬಲ್ಮಠದ ವೀಸಾ ಆಫೀಸು

ಮನೆಮಂದಿಯೆಲ್ಲ ಆಸ್ಟ್ರೇಲಿಯಾಕ್ಕೆ ಹೋಗುವ ಯೋಚನೆಯಲ್ಲಿರುವ ಮಂಗಳೂರು, ಉಡುಪಿ ಕಡೆಯವರಿಗಾಗಿ, ಅದರಲ್ಲೂ ನರ್ಸ್‌ಗಳಿಗಾಗಿ, ಮಂಗಳೂರಿನ ಬಲ್ಮಠದಲ್ಲಿ ವೀಸಾ ಸಲಹೆ ಕೊಡುವ ಈ ಆಫೀಸಿನ ಬಗ್ಗೆ ಬರೆಯುತ್ತಿದ್ದೇನೆ. ನಮಗೆ ಇನ್ನೂ ವೀಸಾ ಆಗಿಲ್ಲ. ಅರ್ಜಿ ಹಾಕಿ ಎಂದು ಆಸ್ಟ್ರೇಲಿಯಾ ಸರ್ಕಾರದ ಆಹ್ವಾನವೂ ಬಂದಿಲ್ಲ. ವೀಸಾ ಕೈಗೆ ಬಂದ ದಿನ ಯಾರು ಬೇಕಾದರೂ ಐದು ಸ್ಟಾರ್ ಕೊಡುತ್ತಾರೆ. ಕಾಯುತ್ತಾ ಕೂತಿರುವಾಗಲೂ ಕೊಡಬೇಕು ಅನಿಸಿದರೆ ಅದಕ್ಕೆ ಬೆಲೆ ಜಾಸ್ತಿ ಅಂತ ನನ್ನ ಅಭಿಪ್ರಾಯ. ನಾನು ನಾಲ್ಕು ಕೊಡುತ್ತೇನೆ.

ನಮ್ಮ ವಿಷಯ ಸ್ವಲ್ಪ ಹೇಳಬೇಕು. ನನಗೆ 38 ವರ್ಷ. ಬಿ.ಎಸ್ಸಿ. ನರ್ಸಿಂಗ್ ಮಾಡಿ ಹತ್ತು ವರ್ಷಕ್ಕಿಂತ ಜಾಸ್ತಿ ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೇನೆ. ಗಂಡ ಎಸಿ, ಫ್ರಿಜ್ ಮೆಕ್ಯಾನಿಕ್. ಮೊದಲು ಕುವೈತ್‌ನಲ್ಲಿದ್ದರು. ಮಗಳು ಎಂಟನೇ ಕ್ಲಾಸು, ಮಗ ನಾಲ್ಕು. ಬ್ರಹ್ಮಾವರದ ಮನೆಯಲ್ಲಿ ಅತ್ತೆ ಇದ್ದಾರೆ.

ಇಲ್ಲಿಗೆ ಬರುವ ಮೊದಲು ಬೇರೊಂದು ಕಡೆ ಹೋಗಿದ್ದೆವು. ಹೆಸರು ಬೇಡ. ಎಸಿ ರೂಮು, ಗೋಡೆ ತುಂಬ ವೀಸಾ ಸಿಕ್ಕಿದವರ ಫೋಟೋ. ಕೂತು ಹತ್ತು ನಿಮಿಷ ಆಗುವಷ್ಟರಲ್ಲಿ 'ನಿಮ್ಮದು ಹಂಡ್ರೆಡ್ ಪರ್ಸೆಂಟ್ ಆಗುತ್ತದೆ, ಅತ್ತೆಯನ್ನೂ ಇದೇ ಅರ್ಜಿಯಲ್ಲಿ ಸೇರಿಸಿ ಬಿಡೋಣ, ಇವತ್ತೇ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್ ಉಂಟು' ಅಂದರು. ನನ್ನ ಮಾರ್ಕ್ಸ್ ಕಾರ್ಡನ್ನು ಯಾರೂ ತೆರೆದು ನೋಡಲಿಲ್ಲ. ನಾವು ಎದ್ದು ಬಂದೆವು.

ಬಲ್ಮಠದ ಆಫೀಸಿನಲ್ಲಿ ಮೊದಲ ಮಾತುಕತೆಗೆ 1,500 ರೂಪಾಯಿ. ದುಡ್ಡು ಕೊಟ್ಟು ಮಾತಾಡಬೇಕಾ ಅಂತ ನನ್ನ ಗಂಡನಿಗೆ ಮೊದಲು ಇಷ್ಟ ಇರಲಿಲ್ಲ. ಆದರೆ ಅಲ್ಲಿಯ ಮೇಡಂ ಬಿಳಿ ಕಾಗದ ತೆಗೆದು ನಮ್ಮ ಎದುರೇ ಅಂಕ ಲೆಕ್ಕ ಹಾಕಿದ ರೀತಿ ನೋಡಿದ ಮೇಲೆ ಅವರೂ ಕುರ್ಚಿ ಮುಂದೆ ಎಳೆದುಕೊಂಡರು. ವಯಸ್ಸು, ಓದು, ಅನುಭವ, ಇಂಗ್ಲಿಷ್ ಎಲ್ಲ ನೋಡಿ ಆಸ್ಟ್ರೇಲಿಯಾದವರು ಅಂಕ ಕೊಡುತ್ತಾರೆ, ಅದನ್ನು ನೋಡಿಯೇ ಅರ್ಜಿ ಹಾಕಲು ಕರೆಯುತ್ತಾರೆ. ಆ ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ. ನಿಮ್ಮದನ್ನು ನೀವೇ ಹಾಕಿ ನೋಡಬಹುದು.

33ರಿಂದ 39 ವರ್ಷದವರಿಗೆ ವಯಸ್ಸಿನ ಅಂಕ 25. ಪದವಿಗೆ 15. ಹೊರದೇಶದಲ್ಲಿ, ಅಂದರೆ ನಮ್ಮ ಊರಲ್ಲಿ ಮಾಡಿದ ಎಂಟು ವರ್ಷಕ್ಕೆ ಮೇಲ್ಪಟ್ಟ ಅನುಭವಕ್ಕೆ 15. ಆದರೆ ಕಳೆದ 10 ವರ್ಷದೊಳಗಿನದು ಮಾತ್ರ ಲೆಕ್ಕಕ್ಕೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗಗಳಲ್ಲಿ 7 ಬಂದರೆ 10 ಅಂಕ, ನಾಲ್ಕರಲ್ಲೂ 8 ಬಂದರೆ 20. ಗಂಡನಿಗೆ ಎಲ್ಲದರಲ್ಲೂ 6 ಬಂದರೆ ನಮಗೆ ಇನ್ನೊಂದು 5. ನನಗೆ ಇಂಗ್ಲಿಷಿನಲ್ಲಿ 7 ಎಂದು ಹಿಡಿದು ಕೂಡಿಸಿದರೆ 70. ಆಸ್ಟ್ರೇಲಿಯಾದ ಯಾವುದಾದರೂ ರಾಜ್ಯ ನಮ್ಮ ಹೆಸರು ಸೂಚಿಸಿದರೆ 190 ನಂಬರಿನ ವೀಸಾಕ್ಕೆ 5 ಸೇರುತ್ತದೆ. ಮಹಾನಗರಗಳ ಹೊರಗಿನ ಊರುಗಳಿಗೆ ಹೋಗುವ 491 ನಂಬರಿನ ವೀಸಾಕ್ಕೆ 15. ಕನಿಷ್ಠ ಬೇಕಾದದ್ದು 65.

ಇಷ್ಟು ಬರೆದು ಅವರು ಪೆನ್ನು ಕೆಳಗಿಟ್ಟರು. 'ಅರುವತ್ತೈದು ಇದ್ದರೆ ಸಾಲಿನಲ್ಲಿ ನಿಲ್ಲಬಹುದು. ಕರೆಯುತ್ತಾರೆ ಅಂತ ಅರ್ಥ ಅಲ್ಲ. ನೀವು 40 ತುಂಬಿದ ದಿನ ವಯಸ್ಸಿನ ಅಂಕ 25ರಿಂದ 15ಕ್ಕೆ ಇಳಿಯುತ್ತದೆ. ಆಹ್ವಾನ ಬರುವ ದಿನ ನಿಮ್ಮ ವಯಸ್ಸು ಎಷ್ಟು ಅನ್ನೋದೇ ಮುಖ್ಯ. ನಿಮ್ಮ ಹತ್ತಿರ ಸಮಯ ಉಂಟು, ಆದರೆ ಸುಮ್ನೆ ಕಳೆಯುವಷ್ಟು ಇಲ್ಲ' ಅಂದರು. ಆಮೇಲೆ ನಾನು ನಿರೀಕ್ಷಿಸದ ಪ್ರಶ್ನೆ ಬಂತು. 'ನಿಮ್ಮ ಅತ್ತೆಗೆ ಮಕ್ಕಳು ಎಷ್ಟು ಜನ?'

ಮೂವರು. ಇಬ್ಬರು ಇಲ್ಲೇ ಇದ್ದಾರೆ.

ಆಗ ಅವರು ಹೇಳಿದ್ದನ್ನು ಇಡೀ ಕರಾವಳಿಯವರು ಕೇಳಬೇಕು. 2016ರ ನವೆಂಬರ್‌ನಿಂದ ಇಂಥ ಅರ್ಜಿಗಳಲ್ಲಿ ತಂದೆ ತಾಯಿಯನ್ನು ಕುಟುಂಬದ ಸದಸ್ಯರೆಂದು ಸೇರಿಸಲು ಆಗುವುದಿಲ್ಲ. ಮುಂದೆ ಅವರನ್ನು ಕಾಯಂ ಆಗಿ ಕರೆಸಿಕೊಳ್ಳಬೇಕಾದರೆ ಕನಿಷ್ಠ ಅರ್ಧದಷ್ಟು ಮಕ್ಕಳು ಆಸ್ಟ್ರೇಲಿಯಾದಲ್ಲಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವ ಒಂದು ದೇಶಕ್ಕಿಂತಲೂ ಅಲ್ಲಿ ಜಾಸ್ತಿ ಮಕ್ಕಳಿರಬೇಕು. ಮೂವರಲ್ಲಿ ಒಬ್ಬರು ಅಲ್ಲಿ, ಇಬ್ಬರು ಬ್ರಹ್ಮಾವರದಲ್ಲಿ ಇದ್ದರೆ ಎರಡೂ ಇಲ್ಲ. ಆ ಪರೀಕ್ಷೆ ಪಾಸಾದವರಿಗೂ ಕಾಯುವ ಸಾಲು ಹತ್ತು ವರ್ಷ ದಾಟುತ್ತದೆ. ಬಂದು ಕೆಲವು ತಿಂಗಳು ಇದ್ದು ಹೋಗುವ ಭೇಟಿ ವೀಸಾ ಉಂಟು, ಅದನ್ನು ನಂಬಿ ಯೋಜನೆ ಮಾಡಿ ಅಂದರು. 'ಇದನ್ನು ಮನೆಯಲ್ಲಿ ಅವರ ಎದುರೇ ಕೂತು ಹೇಳಿ. ಆಮೇಲೆ ಬನ್ನಿ. ಅಲ್ಲಿಯವರೆಗೆ ನಾನು ಫೈಲ್ ತೆರೆಯುವುದಿಲ್ಲ.'

ಗಿರಾಕಿ ಮುಂದೆ ಕೂತಿರುವಾಗ ಹೀಗೆ ಹೇಳಲು ಧೈರ್ಯ ಬೇಕು. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ 'ಒಂದೆರಡು ವರ್ಷದಲ್ಲಿ ನಮ್ಮನ್ನೂ ಕರೆಸಿಕೊಳ್ಳುತ್ತಾರೆ' ಅಂತ ನಂಬಿಕೊಂಡು ಕೂತಿದ್ದಾರೆ. ಆ ನಂಬಿಕೆ ಸುಳ್ಳಾದ ಮೇಲೆ ಫೋನಿನಲ್ಲಿ ವಿವರಿಸಲು ಹೊರಟರೆ ಯಾರಿಗೆ ನೆಮ್ಮದಿ? ನಾವು ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆವು. ಅತ್ತೆ ಕೇಳಿಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ 'ಮಕ್ಳನ್ ಕರ್ಕಂಡ್ ನೀವ್ ಹೋಯ್ನಿ, ನಂಗ್ ಅಡ್ಡಿಲ್ಲೆ' ಅಂದರು. ಮೈದುನ ಅಲ್ಲೇ ಇದ್ದ. ಅಮ್ಮನ ಔಷಧಿ, ತೋಟದ ಕೆಲಸ, ಯಾರು ಎಷ್ಟು ಖರ್ಚು ಹಾಕಬೇಕು, ಎಲ್ಲ ಅವತ್ತೇ ಮಾತಾಡಿ ಮುಗಿಯಿತು. ಈ ಮಾತುಕತೆ ನಡೆದದ್ದು ಆ ಮೇಡಂ ಒತ್ತಾಯ ಮಾಡಿದ್ದಕ್ಕೆ. ಇದಕ್ಕೆ ನಾನು ಅವರಿಗೆ ಯಾವತ್ತೂ ಋಣಿ.

ಇನ್ನು ದಾಖಲೆಗಳ ಕೆಲಸ. ಇದರಲ್ಲಿ ಇವರ ಕೈ ಪಳಗಿದೆ. ನನ್ನ ಗಂಡನ ಜನನ ಪತ್ರದಲ್ಲಿ ಉಡುಪಿ ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ ಅಂತ ಇದೆ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಜಾಗ ಉಡುಪಿ. ಈಗಿನ ವಿಳಾಸ ಬ್ರಹ್ಮಾವರ ತಾಲೂಕು, ಉಡುಪಿ ಜಿಲ್ಲೆ. ಊರು ಒಂದೇ, ಮನೆ ಅದೇ. ನಮಗೆ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ, ಅಲ್ವಾ? ಆಸ್ಟ್ರೇಲಿಯಾದಲ್ಲಿ ಫೈಲ್ ನೋಡುವ ಅಧಿಕಾರಿಗೆ ಇದು ಮೂರು ಬೇರೆ ಊರಿನ ಹಾಗೆ ಕಾಣಬಹುದು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಬ್ರಹ್ಮಾವರ ತಾಲೂಕು ಬಂದದ್ದು 2018ರಲ್ಲಿ. ನನ್ನ ದಾಖಲೆಗಳಲ್ಲಿ ಹಳೆಯದರಲ್ಲಿ ಮ್ಯಾಂಗಲೋರ್, ಹೊಸದರಲ್ಲಿ ಮಂಗಳೂರು. ಅದು ಬದಲಾದದ್ದು 2014ರ ನವೆಂಬರ್ 1ಕ್ಕೆ. ಈ ಇಸವಿಗಳನ್ನೆಲ್ಲ ಹಾಕಿ ಒಂದು ಪುಟದ ವಿವರಣೆ ತಯಾರು ಮಾಡಿ, ಯಾವ ದಾಖಲೆಯಲ್ಲಿ ಯಾವ ಹೆಸರಿದೆ ಎಂದು ಪಕ್ಕದಲ್ಲಿ ಗುರುತು ಹಾಕಿ ಫೈಲಿಗೆ ಸೇರಿಸಿದರು. ಗಂಡನ ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಮನೆತನದ ಹೆಸರು. ಅದಕ್ಕೆ ನೋಟರಿ ಎದುರು ಅಫಿಡವಿಟ್ ಮಾಡಿಸಿದರು. ಯಾರೂ ಕೇಳುವ ಮೊದಲೇ ಉತ್ತರ ಕೊಟ್ಟು ಇಡಬೇಕು ಅನ್ನುವುದು ಅವರ ಪದ್ಧತಿ.

ಪೊಲೀಸ್ ಕ್ಲಿಯರೆನ್ಸ್ ಬಗ್ಗೆಯೂ ಹಾಗೆಯೇ. ಕಳೆದ 10 ವರ್ಷದಲ್ಲಿ ಒಟ್ಟು 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದ ಪ್ರತಿಯೊಂದು ದೇಶದ್ದೂ ಬೇಕು. ನಮ್ಮ ಕಡೆ ಗಲ್ಫಿಗೆ ಹೋಗಿ ಬರದ ಮನೆ ಎಲ್ಲಿದೆ? ಕುವೈತ್‌ನ ಹಳೆಯ ಸಿವಿಲ್ ಐಡಿ, ವೀಸಾ ಹಾಕಿದ ಹಳೆಯ ಪಾಸ್‌ಪೋರ್ಟು, ಎಲ್ಲ ಹುಡುಕಿ ಇಡಿ ಎಂದು ಮೊದಲ ಪಟ್ಟಿಯಲ್ಲೇ ಬರೆದು ಕೊಟ್ಟಿದ್ದರು. ನೀವೂ ಗಲ್ಫ್‌ನಲ್ಲಿದ್ದರೆ ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ.

ನರ್ಸ್‌ಗಳಿಗೆ ಒಂದು ಮಾತು. ವೀಸಾ ಸಿಕ್ಕಿದರೆ ಮರುದಿನದಿಂದ ವಾರ್ಡಿನಲ್ಲಿ ಡ್ಯೂಟಿ ಅಂತ ಹೇಳುವವರಿದ್ದಾರೆ. ಹಾಗಲ್ಲ. ವೀಸಾಕ್ಕಾಗಿ ನಮ್ಮ ಓದು, ಅನುಭವ ನೋಡುವುದು ಎಎನ್‌ಎಂಎಸಿ ಎಂಬ ಅಲ್ಲಿಯ ಸಂಸ್ಥೆ. ನರ್ಸ್ ಆಗಿ ಕೆಲಸ ಮಾಡಲು ನೋಂದಣಿ ಕೊಡುವ ವ್ಯವಸ್ಥೆ ಬೇರೆ, ಅದು ಅಹ್‌ಪ್ರಾ. ಭಾರತದಲ್ಲಿ ಓದಿ ಇಲ್ಲೇ ಕೆಲಸ ಮಾಡಿದ ನನ್ನಂಥವರು ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಪರೀಕ್ಷೆ ಬರೆಯಬೇಕು, ಆಮೇಲೆ ಅಡಿಲೇಡಿಗೆ ಹೋಗಿ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಕೊಡಬೇಕು. ಎನ್‌ಕ್ಲೆಕ್ಸನ್ನು ಬೆಂಗಳೂರಿನಲ್ಲೇ ಬರೆಯಬಹುದು. ಮೇಡಂ ವೀಸಾ, ನೋಂದಣಿ ಎಂಬ ಈ ಎರಡು ದಾರಿಯನ್ನು ಒಂದೇ ಹಾಳೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಬರೆದು, ಯಾವುದಕ್ಕೆ ಯಾವಾಗ ದುಡ್ಡು ಬೇಕು ಎಂದು ಕೆಳಗೆ ಹಾಕಿದರು. ಆ ಹಾಳೆ ಈಗ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ನೈಟ್ ಡ್ಯೂಟಿ ಮುಗಿಸಿ ಬಂದು ಓದಲು ಕೂರುವಾಗ ಅದನ್ನು ನೋಡಿದರೆ ನನಗೆ ಎಲ್ಲಿದ್ದೇನೆ ಎಂದು ಗೊತ್ತಾಗುತ್ತದೆ.

ದುಡ್ಡಿನ ವಿಷಯ. ಇವರ ಫೀಸು ಮೂರು ಕಂತಿನಲ್ಲಿ. ಪ್ರತಿ ಕಂತಿಗೂ ಯಾವ ಕೆಲಸ ಮುಗಿದಿರಬೇಕು ಎಂದು ಒಪ್ಪಂದದಲ್ಲಿ ಬರೆದಿದೆ, ಪ್ರತಿ ಸಲ ರಸೀದಿ ಕೊಡುತ್ತಾರೆ. ಸರ್ಕಾರದ ಫೀಸನ್ನು ತಮ್ಮ ಕೈಗೆ ತೆಗೆದುಕೊಳ್ಳುವುದಿಲ್ಲ. ನಮ್ಮ ಕಾರ್ಡಿನಿಂದಲೇ ಕಟ್ಟಿಸುತ್ತಾರೆ. ಸ್ಕಿಲ್‌ಸೆಲೆಕ್ಟ್ ಎಂಬ ಆಸ್ಟ್ರೇಲಿಯಾ ಸರ್ಕಾರದ ತಾಣದಲ್ಲಿ 'ನಮಗೆ ಆಸಕ್ತಿ ಉಂಟು' ಎಂದು ತಿಳಿಸುವ ಮೊದಲ ಅರ್ಜಿ ಹಾಕಲು ಸರ್ಕಾರಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ ಎಂದು ಇವರೇ ಹೇಳಿದರು. ಆ ಅರ್ಜಿ ಎರಡು ವರ್ಷ ಇರುತ್ತದೆ. ಆಹ್ವಾನ ಬಂದರೆ 60 ದಿನದೊಳಗೆ ಪೂರ್ತಿ ಅರ್ಜಿ, ಪೂರ್ತಿ ದುಡ್ಡು. ಮುಖ್ಯ ಅರ್ಜಿದಾರರಿಗೆ 4,900 ಆಸ್ಟ್ರೇಲಿಯನ್ ಡಾಲರ್ ಆಸುಪಾಸು, ಗಂಡನಿಗೆ ಅದರ ಅರ್ಧ, ಒಂದೊಂದು ಮಗುವಿಗೆ ಸುಮಾರು ಕಾಲು ಭಾಗ. ಆಹ್ವಾನ ಬಂದ ಮೇಲೆ ಚಿನ್ನ ಹಿಡಿದುಕೊಂಡು ಸೊಸೈಟಿಗೆ ಓಡುವ ಹಾಗೆ ಆಗಬಾರದು, ಈಗಲೇ ಆರ್‌ಡಿ ಮಾಡಿ ಅಂದರು. ಮಾಡಿದ್ದೇವೆ.

ನನ್ನ ಗಂಡನ ಕೆಲಸಕ್ಕೂ ಅರ್ಹತಾ ಪರೀಕ್ಷೆ ಮಾಡಿಸಿದರೆ 5ರ ಬದಲು 10 ಅಂಕ ಸಿಗುತ್ತಿತ್ತು. ಮಾಡಿಸಿ ಎಂದಿದ್ದರೆ ಇವರಿಗೆ ಇನ್ನೊಂದು ಫೀಸು. ಬದಲಿಗೆ ಖರ್ಚು ಲೆಕ್ಕ ಹಾಕಿ ತೋರಿಸಿ, 'ಮೊದಲು ನೀವು ಇಂಗ್ಲಿಷಿನಲ್ಲಿ 8 ಪ್ರಯತ್ನ ಮಾಡಿ. ಬಂದರೆ ಒಮ್ಮೆಗೇ 10 ಅಂಕ ಏರುತ್ತದೆ' ಅಂದರು. ಅದನ್ನೇ ಓದುತ್ತಿದ್ದೇನೆ.

ಲೈಸೆನ್ಸ್ ಕೇಳಲು ನಾಚಿಕೆ ಬೇಡ. ಇವರ ಅರ್ಜಿಗಳನ್ನು ನೋಡಿಕೊಳ್ಳುವ ಏಜೆಂಟ್ ಆಸ್ಟ್ರೇಲಿಯಾದಲ್ಲಿ ನೋಂದಣಿ ಆದವರು. ಅವರ ನಂಬರನ್ನು ಒಪ್ಪಂದದಲ್ಲೇ ಬರೆದಿದ್ದರು, ಅಲ್ಲಿಯ ಸರ್ಕಾರದ ಪಟ್ಟಿಯಲ್ಲಿ ನಾವೇ ಹುಡುಕಿ ನೋಡಿದೆವು. ಆಸ್ಟ್ರೇಲಿಯಾದ ಹೊರಗೆ ಕೂತು ಸಲಹೆ ಕೊಡುವವರಿಗೆ ಈ ನೋಂದಣಿ ಕಡ್ಡಾಯ ಅಲ್ಲ. ಅದನ್ನೂ ಮುಚ್ಚಿಡಲಿಲ್ಲ. ಕೆನಡಾ ಹಾಗಲ್ಲ. ದುಡ್ಡು ತೆಗೆದುಕೊಂಡು ಅಲ್ಲಿಯ ಅರ್ಜಿ ನೋಡಿಕೊಳ್ಳುವವರು ಎಲ್ಲೇ ಕೂತಿರಲಿ, ಅಧಿಕೃತ ಸಲಹೆಗಾರರೋ ವಕೀಲರೋ ಆಗಿರಬೇಕು. ಇನ್ನು ವಿದೇಶದಲ್ಲಿ ಕೆಲಸವನ್ನೇ ಕೊಡಿಸುತ್ತೇವೆ ಎನ್ನುವ ಏಜೆಂಟರಿಗೆ ನಮ್ಮ ದೇಶದ 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ನಮ್ಮ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹೆಸರು ನೋಡಬಹುದು. ಲಕ್ಷಗಟ್ಟಲೆ ಕೇಳುವವರ ಹತ್ತಿರ ಹೋಗಿರುವ ಹುಡುಗಿಯರು ನನ್ನ ವಾರ್ಡಿನಲ್ಲೇ ಇದ್ದಾರೆ. ಅವರಿಗೆಲ್ಲ ಇದು ತಲುಪಲಿ ಎಂದೇ ಇಷ್ಟು ಉದ್ದ ಬರೆದೆ.

ಮಕ್ಕಳ ಬಗ್ಗೆ ಇವರು ಕೊಟ್ಟ ಸಲಹೆಯೂ ಉಪಯೋಗಕ್ಕೆ ಬಂತು. ಅಲ್ಲಿ ಶಾಲೆ ಶುರುವಾಗುವುದು ಜನವರಿ ಕೊನೆಗೆ ಅಥವಾ ಫೆಬ್ರವರಿಗೆ, ನಮ್ಮ ಹಾಗೆ ಮಳೆಗಾಲದಲ್ಲಿ ಅಲ್ಲ. ಸಾಧ್ಯವಾದರೆ ಆ ಹೊತ್ತಿಗೆ ತಲುಪುವ ಹಾಗೆ ನೋಡಿಕೊಳ್ಳಿ ಅಂದರು. ತಾಯಿ ಕಾರ್ಡಿನಲ್ಲಿರುವ ಚುಚ್ಚುಮದ್ದಿನ ವಿವರವನ್ನು ಮಕ್ಕಳ ಡಾಕ್ಟರಿಂದ ಇಂಗ್ಲಿಷಿನಲ್ಲಿ ಬರೆಸಿ ಸೀಲು ಹಾಕಿಸಿ ಇಟ್ಟುಕೊಳ್ಳಲು ಹೇಳಿದರು.

ಒಂದು ಸ್ಟಾರ್ ಯಾಕೆ ಕಡಿಮೆ? ವಾಟ್ಸಾಪಿಗೆ ಉತ್ತರ ತಡ. ಕೆಲವೊಮ್ಮೆ ಎರಡು ಮೂರು ದಿನ. ಪರೀಕ್ಷೆಯ ದಿನಾಂಕ ಬುಕ್ ಮಾಡುವ ಒತ್ತಡದಲ್ಲಿ ಇದ್ದಾಗ ಅದು ತುಂಬಾ ಕಷ್ಟ ಕೊಟ್ಟಿತು. ಇಬ್ಬರೇ ಕೆಲಸದವರು, ಮೇಡಂ ರಜೆಯಲ್ಲಿದ್ದರೆ ಇನ್ನೊಬ್ಬರಿಗೆ ನಮ್ಮ ಫೈಲಿನ ವಿಷಯ ಗೊತ್ತಿರುವುದಿಲ್ಲ. ಫೀಸು ಕೂಡ ಮಂಗಳೂರಿನ ಲೆಕ್ಕಕ್ಕೆ ಸ್ವಲ್ಪ ಜಾಸ್ತಿಯೇ. ಆಫೀಸು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹಿರಿಯರನ್ನೂ ಕರೆದುಕೊಂಡು ಬನ್ನಿ ಎನ್ನುವ ಆಫೀಸು ಇದರ ಬಗ್ಗೆ ಯೋಚಿಸಬೇಕು. ಅತ್ತೆ ಒಂದು ಸಲ ಬಂದಿದ್ದರು. ಪ್ರತಿ ಮಹಡಿಯಲ್ಲೂ ನಿಂತು ನಿಂತು ಹತ್ತಬೇಕಾಯಿತು. ಮೇಡಂ ಮಾತ್ರ ಅವರ ಪಕ್ಕದಲ್ಲೇ ಕೂತು, ಭೇಟಿ ವೀಸಾದಲ್ಲಿ ಬಂದರೆ ಎಷ್ಟು ದಿನ ಇರಬಹುದು, ಆರೋಗ್ಯ ವಿಮೆ ಹೇಗೆ ಎಂದು ನಿಧಾನವಾಗಿ ಹೇಳಿದರು.

ಉಡುಪಿ ಕಡೆಯಿಂದ ಬರುವವರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬಂದು ಜ್ಯೋತಿ ಸ್ಟಾಪಿನಲ್ಲಿ ಇಳಿದು ನಡೆಯಬಹುದು. ಕಾರು ನಿಲ್ಲಿಸಲು ಜಾಗ ಇಲ್ಲ. ಶನಿವಾರ ಮಧ್ಯಾಹ್ನದವರೆಗೆ ಮಾತ್ರ. ಹೋಗುವಾಗ ಮಾರ್ಕ್ಸ್ ಕಾರ್ಡು, ನರ್ಸಿಂಗ್ ಕೌನ್ಸಿಲ್ ನೋಂದಣಿ, ಅನುಭವ ಪತ್ರ, ಹಳೆಯದು ಹೊಸದು ಎಲ್ಲ ಪಾಸ್‌ಪೋರ್ಟು ತೆಗೆದುಕೊಂಡು ಹೋಗಿ. ಒಂದು ಗಂಟೆ ಅಂತ ಹೇಳುತ್ತಾರೆ, ಎರಡು ಗಂಟೆ ಹಿಡಿಯುತ್ತದೆ.